ನೀರು ಬಿಟ್ಟುಕೊಡುವ ಮಣ್ಣು

2024ರ ಜುಲೈ 9, ಮಂಗಳವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ಕುಂದಲಹಳ್ಳಿಯ ಟೆಕ್ ಪಾರ್ಕಿನ ಹಿಂಭಾಗದಲ್ಲಿ, ಜನರೇಟರ್ ಕೊಠಡಿಗೂ ಕಾಂಪೌಂಡಿಗೂ ನಡುವೆ ಇರುವ ಒಂದು ಎಕರೆ ಜಾಗದಲ್ಲಿ ವೇಣಿ ಸತ್ತ ಗಿಡಗಳನ್ನು ಎಣಿಸುತ್ತಿದ್ದಳು. ಒಂದೊಂದರ ಕಾಂಡವನ್ನೂ ಉಗುರಿನಿಂದ ಕೆರೆದು, ಒಳಗೆ ಹಸಿರು ಕಾಣದಿದ್ದರೆ ಮಾತ್ರ ಗುರುತು ಹಾಕಿಕೊಳ್ಳುತ್ತಿದ್ದಳು. ಎಲೆ ಉದುರಿತೆಂದ ಮಾತ್ರಕ್ಕೆ ಗಿಡ ಸತ್ತಿತು ಎನ್ನುವಂತಿಲ್ಲ. ಎಂಟೂ ಕಾಲರ ಹೊತ್ತಿಗೆ ಎಣಿಕೆ ಮುಗಿಯಿತು. ನೆಟ್ಟದ್ದು ಇನ್ನೂರ ನಲವತ್ತು. ಸತ್ತದ್ದು ನೂರ ಮೂವತ್ತೇಳು.

ಹಿಂದಿನ ವರ್ಷದ ಜುಲೈಯಲ್ಲಿ ಇಲ್ಲಿ ಸಸಿ ನೆಟ್ಟಾಗ ದೊಡ್ಡ ಬೋರ್ಡು ಎದ್ದಿತ್ತು: 'ಕರಾವಳಿ ಗುಡ್ಡದ ಕಾಡು'. ಹುಲ್ಲುಹಾಸು, ತಾಳೆಮರ ಎಲ್ಲ ಪಾರ್ಕಿನಲ್ಲೂ ಇರುತ್ತವೆ, ನಮ್ಮಲ್ಲಿ ಸುರಗಿ, ಮುರುಗಲು, ಹೊನ್ನೆ, ರಾಮಪತ್ರೆ ಬೆಳೆಯಲಿ ಎಂದು ಪಾರ್ಕಿನ ಕಮಿಟಿಯವರು ಆಸೆಪಟ್ಟಿದ್ದರು. ಆಸೆ ತಪ್ಪಲ್ಲ. ಆ ಮರಗಳು ಸಮುದ್ರದ ಕಡೆಗೆ ಮುಖ ಮಾಡಿದ ಗುಡ್ಡಗಳಲ್ಲಿ ಬೆಳೆಯುವಂಥವು. ಇಲ್ಲಿನ ಮಣ್ಣು ಅವಕ್ಕೆ ಒಗ್ಗುತ್ತದೆಯೇ, ಎಷ್ಟು ನೀರು ಬೇಕು ಎಂದು ಪರೀಕ್ಷೆ ಮಾಡಿ ಹೇಳುವ ಕೆಲಸ ಹೂಡಿಯ ಒಂದು ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಬಂದಿತ್ತು. ಅಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದ ವೇಣಿ, ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು, ಗುಡ್ಡಕ್ಕೂ ಹೋಗಿ ಮಣ್ಣು ತಂದಳು, ಇಲ್ಲಿಯದನ್ನೂ ತೆಗೆದಳು, ಎರಡನ್ನೂ ಪರೀಕ್ಷಿಸಿ ಒಂದು ವರದಿ ಬರೆದಳು. ಜೊತೆಗೆ ನೀರಿನ ವೇಳಾಪಟ್ಟಿಯನ್ನೂ ಬರೆದುಕೊಟ್ಟಳು.

"ಎಷ್ಟಾಯ್ತು ಮೇಡಂ?"

ಪಾರ್ಕಿನ ಫೆಸಿಲಿಟಿ ಮ್ಯಾನೇಜರ್ ಭಾನುಪ್ರಕಾಶ್ ಕಾಫಿ ಕಪ್ಪು ಹಿಡಿದೇ ಬಂದಿದ್ದ. ಈ ಕಾಡಿನ ಯೋಚನೆಯನ್ನು ಕಮಿಟಿಯ ಮುಂದಿಟ್ಟವನೂ ಅವನೇ, ಈಗ ಬೈಸಿಕೊಳ್ಳುತ್ತಿದ್ದವನೂ ಅವನೇ.

"ನೂರ ಮೂವತ್ತೇಳು."

"ಶಭಾಷ್! ಶುಕ್ರವಾರ ಮಧ್ಯಾಹ್ನ ಕಮಿಟಿಯೋರು ಬರ್ತಾರೆ. ಕಾಡು ತೋರ್ಸಪ್ಪ ಅಂದ್ರೆ ಸೌದೆ ಡಿಪೋ ತೋರಿಸ್ಲಾ?"

ವೇಣಿ ನಗಲಿಲ್ಲ. ಅವನೂ ನಗುವುದಕ್ಕಾಗಿ ಹೇಳಿರಲಿಲ್ಲ.

"ಕಾರಣ ನಂಗೊತ್ತು ಮೇಡಂ," ಎಂದ ಭಾನುಪ್ರಕಾಶ್, ದನಿ ತಗ್ಗಿಸಿ. "ಮಾರ್ಚಲ್ಲಿ ಇಡೀ ವೈಟ್‌ಫೀಲ್ಡೇ ಟ್ಯಾಂಕರ್ ಹಿಂದೆ ಓಡ್ತಿತ್ತು. ನಮ್ಮ ಎಸ್‌ಟಿಪಿಯಲ್ಲಿ ಶುದ್ಧ ಮಾಡಿದ ಕೊಳಚೆ ನೀರು ಇದೆ, ಗಿಡಕ್ಕೆ ಬಿಡಪ್ಪ ಅಂದ್ರೆ ಈ ಸೊಣ್ಣಪ್ಪ ಬಿಟ್ಟಿಲ್ಲ. ಲಾಗ್ ಬುಕ್ಕಲ್ಲಿ ದಿನಾ ಟಿಕ್ ಇದೆ. ಟಿಕ್ ಹಾಕೋಕೆ ನೀರು ಬೇಕಾಗಲ್ಲ, ಪೆನ್ನಿದ್ರೆ ಸಾಕು. ನೀವು ನೀರಿನ ಕೊರತೆ ಅಂತ ಒಂದು ರಿಪೋರ್ಟ್ ಕೊಡಿ. ಅವನನ್ನ ಕಳಿಸಿ ಬೇರೆ ಮಾಲಿ ಹಾಕ್ಕೊಳ್ತೀನಿ. ಕಮಿಟಿಗೂ ಒಂದು ಉತ್ತರ ಆಗತ್ತೆ."

ಹತ್ತು ಮಾರು ದೂರದಲ್ಲಿ ಸೊಣ್ಣಪ್ಪ ಗುದ್ದಲಿ ಹಿಡಿದು ನಿಂತಿದ್ದ. ಕೇಳಿಸಿತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ. ಹಳೇ ಕುಂದಲಹಳ್ಳಿಯವನು. ಪಾರ್ಕಿನ ಸಿ ಬ್ಲಾಕ್ ಇರುವಲ್ಲಿ ಅವರಪ್ಪನ ಕನಕಾಂಬರದ ತೋಟವಿತ್ತು. ಹೊಸಬರು ಯಾರಾದರೂ ಕೇಳಿದರೆ, "ಆ ಲಿಫ್ಟ್ ಐತಲ್ಲ, ಅದೇ ನಮ್ ಬಾವಿ" ಎನ್ನುತ್ತಿದ್ದ. ವಯಸ್ಸು ಅರವತ್ತೊಂದು. ಇಲ್ಲಿಂದ ಹೊರಬಿದ್ದರೆ ಗೇಟು ಕಾಯುವ ಕೆಲಸಕ್ಕೂ ಯಾರೂ ಕರೆಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಭಾನುಪ್ರಕಾಶನಿಗೂ ಗೊತ್ತಿತ್ತು.

"ಶುಕ್ರವಾರ ಬೆಳಿಗ್ಗೆ ಕೊಡ್ತೀನಿ. ಅದಕ್ಕೆ ಮುಂಚೆ ಒಂದು ಗುಂಡಿ ತೆಗೆಸಿ ನೋಡ್ಬೇಕು," ಎಂದಳು ವೇಣಿ.

ಸತ್ತ ಸುರಗಿ ಗಿಡವೊಂದರ ಪಕ್ಕದಲ್ಲಿ ಸೊಣ್ಣಪ್ಪ ಅಗೆದ. ಮೊದಲ ಒಂದಡಿ ಮಣ್ಣು ಸಲೀಸಾಗಿ ಬಂತು. ಒಂದೂವರೆ ಅಡಿಗೆ ಗುದ್ದಲಿ ಟಣ್ಣೆಂದಿತು. ಹಾರೆ ಹಾಕಿದ. ಹಾರೆಯೂ ಕೈಗೆ ಜುಮ್ಮೆನ್ನುವಂತೆ ಹಿಂದಕ್ಕೆ ಪುಟಿಯಿತು. ಗುಂಡಿಯ ಗೋಡೆಯಿಂದ ನೀರು ಒಸರಿ ತಳದಲ್ಲಿ ನಿಂತುಕೊಂಡಿತು. ಕೊಳೆತ ಮೊಟ್ಟೆಯ ವಾಸನೆ ಎದ್ದಿತು.

ವೇಣಿ ಮಂಡಿಯೂರಿ ಕುಳಿತು ಗುಂಡಿಯ ಗೋಡೆಯ ಮಣ್ಣನ್ನು ಚಾಕುವಿನಿಂದ ಸವರಿದಳು. ಮೇಲೆ ಕೆಂಪಗಿದ್ದದ್ದು ಕೆಳಗೆ ಹೋದಂತೆ ಬೂದಿ ಬಣ್ಣಕ್ಕೆ ತಿರುಗಿತ್ತು. ನಡುನಡುವೆ ತುಕ್ಕಿನ ಚುಕ್ಕೆಗಳು. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ ಕೆಂಪಾಗಿರುತ್ತದೆ. ನೀರು ನಿಂತು ಉಸಿರು ಕಟ್ಟಿದರೆ ಅದೇ ಕಬ್ಬಿಣ ಬಣ್ಣ ಬಿಟ್ಟು ಬೂದಿಯಾಗುತ್ತದೆ. ಇದನ್ನು ಅವಳು ಎರಡನೇ ಸೆಮಿಸ್ಟರಿನಲ್ಲೇ ಓದಿದ್ದಳು. ಗಿಡದ ಒಂದು ಬೇರನ್ನು ಹಿಡಿದು ಎಳೆದಳು. ಕಪ್ಪು ಸಿಪ್ಪೆ ಬೆರಳಿನಲ್ಲೇ ಉಳಿದು, ಒಳಗಿನ ನಾರು ಮಾತ್ರ ದಾರದಂತೆ ಜೋತಾಡಿತು.

ಬಾಯಾರಿ ಸತ್ತ ಗಿಡಕ್ಕೂ ಮುಳುಗಿ ಸತ್ತ ಗಿಡಕ್ಕೂ ಎಲೆ ಒಂದೇ ಥರ ಬಾಡುತ್ತದೆ. ಬೇರು ಕೊಳೆತ ಮೇಲೆ ಸುತ್ತ ಎಷ್ಟು ನೀರಿದ್ದರೇನು, ಕುಡಿಯಲು ಬಾಯಿಲ್ಲ. ಮೇಲಿನಿಂದ ನೋಡಿದವರಿಗೆ ಪಾಪ, ನೀರಿಲ್ಲ ಅನ್ನಿಸುತ್ತದೆ, ಇನ್ನಷ್ಟು ಹಾಕುತ್ತಾರೆ.

ಸೊಣ್ಣಪ್ಪನದು ತಪ್ಪಿಲ್ಲ ಎಂದು ಅವಳಿಗೆ ಒಂದು ಕ್ಷಣ ಹಗುರವೆನಿಸಿತು. ಮರುಕ್ಷಣವೇ, ನೀರು ಬಿಡಲು ಹೇಳಿದ್ದು ಯಾರು ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಹುಡುಕಬೇಕಾಗಿರಲಿಲ್ಲ. ಜನರೇಟರ್ ಕೊಠಡಿಯ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯ ಕೆಳಗೆ ಅವಳ ಸಹಿಯೇ ಇತ್ತು.

ಮಧ್ಯಾಹ್ನ ಹೂಡಿಗೆ ಬಂದವಳೇ ಹಳೆಯ ಫೈಲು ತೆಗೆದಳು.

ಗುಡ್ಡದ ಮಣ್ಣು: ಮರಳು 52, ಗೋಡು 15, ಜೇಡಿ 33. ಪಾರ್ಕಿನ ಮಣ್ಣು: ಮರಳು 53, ಗೋಡು 14, ಜೇಡಿ 33. ಎಲ್ಲವೂ ಶೇಕಡದಲ್ಲಿ. ಎರಡೂ ಸಾಲುಗಳ ಪಕ್ಕದಲ್ಲಿ ಅವಳೇ ಕೆಂಪು ಶಾಯಿಯಲ್ಲಿ ನಕ್ಷತ್ರ ಬರೆದಿದ್ದಳು. ಆ ದಿನ ಎಷ್ಟು ಖುಷಿಯಾಗಿತ್ತೆಂದರೆ, ತಂಗಿ ಸೌಮ್ಯಳಿಗೆ ಫೋನು ಮಾಡಿ, "ನಾನೂರು ಕಿಲೋಮೀಟರ್ ದೂರದ ಎರಡು ಮಣ್ಣು ಅವಳಿಜವಳಿ ಇದ್ದ ಹಾಗಿವೆ ಕಣೇ" ಎಂದಿದ್ದಳು. ಹುಳಿ ಅಂಶ ಮಾತ್ರ ಬೇರೆಯಿತ್ತು. ಅದನ್ನು ಸರಿಪಡಿಸಲು ಗಂಧಕ ಹಾಕಿಸಿದ್ದಳು. ಇನ್ನು ಉಳಿದದ್ದು ನೀರು. ಗುಡ್ಡದಲ್ಲಿ ವರ್ಷಕ್ಕೆ ಮೂರು ಸಾವಿರದ ಆರುನೂರು ಮಿಲಿಮೀಟರ್ ಮಳೆ, ಇಲ್ಲಿ ಒಂಬೈನೂರ ಐವತ್ತು. ಕೊರತೆಯನ್ನು ಮುನ್ನೂರ ಅರವತ್ತೈದು ದಿನಕ್ಕೆ ಹಂಚಿ, ಪಾತಿಯ ಅಳತೆಯಿಂದ ಗುಣಿಸಿ, ಗಿಡವೊಂದಕ್ಕೆ ದಿನಕ್ಕೆ ಇಪ್ಪತ್ತು ಲೀಟರ್ ಎಂದು ಬರೆದಿದ್ದಳು. ಲೆಕ್ಕದಲ್ಲಿ ಒಂದು ಬಿಂದುವೂ ತಪ್ಪಿರಲಿಲ್ಲ.

ಹೊರಗಿನ ವರಾಂಡದಲ್ಲಿ ದೇವಕ್ಕ ಕೊಡತಿಯಿಂದ ಮಣ್ಣು ಕುಟ್ಟುತ್ತಿದ್ದಳು. ಕೊಪ್ಪಳದ ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಬಂದಾಗ ಜೊತೆಗೆ ಬಂದು, ಮಹದೇವಪುರದಲ್ಲಿ ಬಾಡಿಗೆ ಕೋಣೆ ಹಿಡಿದು, ಆರು ವರ್ಷದಿಂದ ಈ ವರಾಂಡದಲ್ಲಿ ನಾಡಿನ ಎಲ್ಲ ಮೂಲೆಯ ಮಣ್ಣನ್ನೂ ಕುಟ್ಟಿದವಳು. ಬಂದ ಮಣ್ಣನ್ನು ನೆರಳಲ್ಲಿ ಒಣಗಿಸು, ಕುಟ್ಟು, ಎರಡು ಮಿಲಿಮೀಟರ್ ಜರಡಿಯಲ್ಲಿ ಹಿಡಿ, ಡಬ್ಬಿಗೆ ತುಂಬು. ಪುಸ್ತಕದಲ್ಲಿರುವ ಕ್ರಮವೂ ಅದೇ. ಆ ಕೊಡತಿಯ ಸದ್ದು ಕೇಳುತ್ತ ಕುಳಿತಿದ್ದ ವೇಣಿಗೆ ಹೋದ ವರ್ಷದ ಒಂದು ಮಾತು ನೆನಪಾಯಿತು.

ಅಂದು ಗುಡ್ಡದ ಮಣ್ಣು ಕುಟ್ಟುತ್ತ ದೇವಕ್ಕ ಗೊಣಗಿದ್ದಳು. "ಇದು ಒಡೀವಲ್ದ್ರೀ ಮೇಡಂ. ಸಣ್ಣ ಸಣ್ಣ ಕಾಳಾಗಿ ಉಳೀತೈತಿ, ಹಿಟ್ಟ ಆಗವಲ್ದು. ನಮ್ಮ ಎರಿ ಮಣ್ಣಾಗಿದ್ರ ಇಷ್ಟೊತ್ತಿಗೆ ರೊಟ್ಟಿ ಹಿಟ್ಟಿನಂಗ ಆಗತಿತ್ತು."

"ಇನ್ನೊಂದು ಸಲ ಕುಟ್ಟಿ ದೇವಕ್ಕ, ಆಗತ್ತೆ," ಎಂದಿದ್ದಳು ವೇಣಿ.

ಆಗಿತ್ತು. ಇನ್ನೊಂದು ಸಲ ಕುಟ್ಟಿದ ಮೇಲೆ ಎರಡು ಮಣ್ಣೂ ಒಂದೇ ಆಗಿತ್ತು. ಒಂದು ಇಟ್ಟಿಗೆಯ ಮನೆಯನ್ನೂ ಒಂದು ಇಟ್ಟಿಗೆಯ ರಾಶಿಯನ್ನೂ ಪುಡಿಮಾಡಿ ತೂಗಿದರೆ ತೂಕ ಒಂದೇ ಬರುತ್ತದೆ. ಮನೆಯಲ್ಲಿ ಕೋಣೆಗಳಿದ್ದವು, ಕಿಟಕಿ ಬಾಗಿಲುಗಳಿದ್ದವು, ಒಳಗೆ ಬಂದವರು ಹೊರಗೆ ಹೋಗಲು ದಾರಿಯಿತ್ತು ಎಂಬುದು ತಕ್ಕಡಿಗೆ ಗೊತ್ತಾಗುವುದಿಲ್ಲ.

ಅವಳು ಎದ್ದು ತನ್ನ ಪ್ರವಾಸದ ನೋಟ್‌ಬುಕ್ ತೆಗೆದಳು. ಏಪ್ರಿಲ್ 2023, ಗುಡ್ಡದ ಪಶ್ಚಿಮ ಇಳಿಜಾರು. ಅವಳದೇ ಅಕ್ಷರ: 'ಮಧ್ಯಾಹ್ನ ಅರ್ಧ ಗಂಟೆ ಜೋರು ಮಳೆ. ನಿಂತ ಹತ್ತು ನಿಮಿಷಕ್ಕೆ ಕೆಲಸ ಮುಂದುವರಿಸಿದೆವು. ಚಪ್ಪಲಿಗೆ ಕೆಸರಿಲ್ಲ.' ಕೆಸರಿಲ್ಲವೆಂದು ಬರೆದವಳು, ಯಾಕಿಲ್ಲ ಎಂದು ಕೇಳಿಕೊಂಡಿರಲಿಲ್ಲ. ಈಗ ಕಣ್ಣಿಗೆ ಕಟ್ಟಿದಂತೆ ಬಂತು: ಮೇಲೆ ಒಂದು ಗೇಣು ತರಗೆಲೆ, ಅದರ ಕೆಳಗೆ ಚಹಾಪುಡಿಯಂಥ ಕಾಳುಕಾಳು ಮಣ್ಣು, ಸತ್ತ ಬೇರುಗಳು ಬಿಟ್ಟುಹೋದ ಕೊಳವೆಗಳು, ಗೆದ್ದಲು ಕೊರೆದ ಓಣಿಗಳು, ಕಬ್ಬಿಣ ಅಂಟು ಹಾಕಿ ಹಿಡಿದಿಟ್ಟ ಜಂಬಿಟ್ಟಿಗೆಯ ಹರಳು. ಮೇಲಿನಿಂದ ನಾಲ್ಕಡಿ ಕೆಳಗಿನವರೆಗೆ ಒಂದೇ ಕೆಂಪು, ಬೂದಿಯ ಒಂದು ಚುಕ್ಕೆಯಿಲ್ಲ. ಅಷ್ಟೆಲ್ಲ ಮಳೆ ಸುರಿದರೂ ಆ ಮಣ್ಣು ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಇಳಿಜಾರಿಗೆ ಬಿಟ್ಟುಕೊಡುತ್ತಿತ್ತು. ಮರಗಳು ಅಲ್ಲಿ ಬೆಳೆದದ್ದು ಬಂದ ನೀರಿನಿಂದ ಎಂದು ಅವಳು ಲೆಕ್ಕ ಹಾಕಿದ್ದಳು. ಹೋದ ನೀರಿನ ಲೆಕ್ಕವನ್ನು ಯಾವ ಕಾಲಂನಲ್ಲೂ ಬರೆದಿರಲಿಲ್ಲ.

ಬುಧವಾರ ಬೆಳಿಗ್ಗೆ ವೇಣಿ ಬಕೆಟ್ಟಿಗಿಂತ ಅಗಲದ ಎರಡು ಜೊತೆ ಕಬ್ಬಿಣದ ಬಳೆಗಳನ್ನು ಆಟೋದಲ್ಲಿ ಹೇರಿಕೊಂಡು ಪಾರ್ಕಿಗೆ ಬಂದಳು. ಒಂದರೊಳಗೊಂದು ಇಟ್ಟು ನೆಲಕ್ಕೆ ಬಡಿದು, ನೀರು ತುಂಬಿ, ಒಳಗಿನ ಬಳೆಯ ನೀರು ಗಂಟೆಗೆ ಎಷ್ಟು ಇಳಿಯುತ್ತದೆಂದು ಅಳತೆಪಟ್ಟಿಯಲ್ಲಿ ನೋಡುವುದು ಕ್ರಮ. ಕಾಡಿಗೆ ನಾಲ್ಕು ವಾಲ್ವುಗಳಿದ್ದವು. ಒಂದೊಂದು ವಾಲ್ವಿಗೆ ಅರವತ್ತು ಗಿಡ. ಸತ್ತ ಗಿಡಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ ಒಂದು ವಿಚಿತ್ರ ಕಂಡಿತ್ತು. ಮೊದಲ ಮೂರು ವಾಲ್ವುಗಳಲ್ಲಿ ನೂರ ಮೂವತ್ತೊಂದು ಸತ್ತಿದ್ದರೆ, ಕಾಂಪೌಂಡಿನ ಪಕ್ಕದ ನಾಲ್ಕನೇ ವಾಲ್ವಿನಲ್ಲಿ ಸತ್ತದ್ದು ಬರೀ ಆರು. ಅಲ್ಲಿ ತಳದ ಗಟ್ಟಿ ಪದರ ಬಿರುಕು ಬಿಟ್ಟಿರಬೇಕು ಎಂದುಕೊಂಡಳು. ಆದ್ದರಿಂದ ಎರಡನೇ ವಾಲ್ವಿನಲ್ಲೊಂದು, ನಾಲ್ಕನೇ ವಾಲ್ವಿನಲ್ಲೊಂದು, ಒಂದೂವರೆ ಅಡಿ ಅಗೆಸಿ, ಗಟ್ಟಿ ಪದರದ ಮೇಲೆಯೇ ಬಳೆ ಕೂರಿಸಿದಳು.

"ಇದು ಹೇಗೆ ಇಷ್ಟು ಗಟ್ಟಿ?" ಎಂದು ಕೇಳಿದಳು.

"ಬಿಲ್ಡಿಂಗ್ ಕಟ್ಟೋವಾಗ ಪಾಯದ ಮಣ್ಣೆಲ್ಲ ಇಲ್ಲೇ ಸುರುದ್ರು," ಎಂದ ಸೊಣ್ಣಪ್ಪ. "ಆಮೇಲೆ ಲಾರಿ ನಿಲ್ಸಾಕೆ ಅಂತ ರೋಲರ್ ಓಡಿಸ್ಬುಟ್ಟು ಎರಡು ವರ್ಸ ಅಂಗೇ ಇಟ್ಕಂಡಿದ್ರು. ಅದ್ರ ಮ್ಯಾಲೆ ಕೆಂಪು ಮಣ್ಣು ಒದ್ದುಸ್ಬುಟ್ಟು ಕಾಡು ಅಂದ್ರು. ಕೆಳಗಡೆ ಇರಾದು ರೋಡು ಕಣಮ್ಮ."

ಮೊದಲು ತುಂಬಿದ ನೀರು ನೆಲ ನೆನೆಯಲು ಹೋಯಿತು. ಒಂಬತ್ತಕ್ಕೆ ಮತ್ತೆ ತುಂಬಿ ಗುರುತು ಹಾಕಿದಳು. ಹತ್ತಕ್ಕೆ ನೋಡಿದಳು, ಹನ್ನೊಂದಕ್ಕೆ ನೋಡಿದಳು. ಹೊಂಗೆಯ ನೆರಳಲ್ಲಿ ಇಬ್ಬರೂ ಕೂತರು. ಸೊಣ್ಣಪ್ಪ ಚಿತ್ರಾನ್ನದ ಡಬ್ಬಿ ಬಿಚ್ಚಿ ಮುಚ್ಚಳದಲ್ಲಿ ಅರ್ಧ ಹಾಕಿ ಅವಳ ಮುಂದಿಟ್ಟ. ಎರಡು ಗಂಟೆಗೆ ಅಳೆದಾಗ ಎರಡನೇ ವಾಲ್ವಿನ ಬಳೆಯಲ್ಲಿ ನೀರು ಇಳಿದದ್ದು ಐದು ಗಂಟೆಗಳಲ್ಲಿ ಒಂದು ಮಿಲಿಮೀಟರ್. ನಾಲ್ಕನೇ ವಾಲ್ವಿನಲ್ಲೂ ಒಂದೇ ಮಿಲಿಮೀಟರ್.

ವೇಣಿ ಎರಡೆರಡು ಸಲ ಓದಿದಳು. ಒಂದೇ ಮಣ್ಣು, ಒಂದೇ ರೋಡು.

"ಸೊಣ್ಣಪ್ಪನವರೇ, ಹಾಗಿದ್ರೆ ಈ ಗಿಡಗಳು ಮಾತ್ರ ಹೇಗೆ ಬದುಕಿದ್ವು?"

ಅವನು ಗುದ್ದಲಿಗಂಟಿದ್ದ ಮಣ್ಣನ್ನು ಕಡ್ಡಿಯಿಂದ ಕೆರೆಯತೊಡಗಿದ. "ಅದ್ರು ಅದೃಷ್ಟ."

"ಅದೃಷ್ಟಕ್ಕೆ ನಮ್ಮ ರಿಪೋರ್ಟಲ್ಲಿ ಕಾಲಂ ಇಲ್ಲ."

ಸೊಣ್ಣಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ಜನರೇಟರ್ ಕೊಠಡಿಯ ಕಡೆ ಒಮ್ಮೆ ನೋಡಿದ. "ಮೇಡಂ, ನಿಮ್ಗೆ ಸುಳ್ಳು ಏಳಾಕಿಲ್ಲ. ನವೆಂಬರಿಂದ ಈ ವಾಲ್ವು ತಿರುಗ್ಸಿಲ್ಲ. ಬುಡುಕ್ಕೆ ಬೆರಳಾಕಿ ನೋಡ್ತೀನಿ. ಒಣಗಿದಂಗೆ ಕಂಡ್ರೆ ಅದಿನೈದು ದಿನುಕ್ಕೊಂದ್ಸಲ ಒಸಿ ಬುಡ್ತೀನಿ, ಅಷ್ಟೇಯ."

"ಲಾಗ್ ಬುಕ್ಕಲ್ಲಿ?"

"ನಾಕುಕ್ಕೂ ದಿನಾ ಟಿಕ್ಕು."

"ನಂಗೆ ಹೇಳ್ಬಹುದಾಗಿತ್ತಲ್ಲ?"

"ಏಳಿದ್ನಲ್ಲಮ್ಮ! ಡಿಸೆಂಬರಲ್ಲಿ ಬಂದಿದ್ರಿ, ಎಲೆ ಅಳದಿ ಆಗಿತ್ತು. 'ನೀರು ಜಾಸ್ತಿ ಆಯ್ತೇನೋ ಮೇಡಂ, ಕನಕಾಂಬರನೂ ನಿಂತ ನೀರಲ್ಲಿ ಇಂಗೇ ಆಗ್ತದೆ' ಅಂದೆ. ನೀವೇನಂದ್ರಿ? 'ಇವು ಮಳೆಕಾಡಿನ ಗಿಡ ಸೊಣ್ಣಪ್ಪನವರೇ, ಕನಕಾಂಬರ ಅಲ್ಲ' ಅಂದ್ರಿ. ಇಪ್ಪತ್ತು ಇದ್ದದ್ದ ಇಪ್ಪತ್ತೈದು ಲೀಟ್ರು ಮಾಡ್ಬುಟ್ಟು ಓದ್ರಿ."

ಅಂದಿದ್ದಳು. ನಗುತ್ತಲೇ ಅಂದಿದ್ದಳು.

"ಹಾಗಾದ್ರೆ ನಾಲ್ಕೂ ಯಾಕೆ ಮುಚ್ಚಲಿಲ್ಲ?"

"ನಾಕೂ ಮುಚ್ಚಿದ್ರೆ ಮಾರನೇ ದಿನವೇ ಗೊತ್ತಾಗದು. ಅದೂ ಅಲ್ದೆ ನೀವು ಓದಿರೋರು, ನಂದೇ ತಪ್ಪಾಗಿದ್ರೆ? ಮೂರು ವಾಲ್ವು ನಿಮ್ಮ ಮಾತು, ಒಂದು ವಾಲ್ವು ನಮ್ಮಪ್ಪನ ಮಾತು. ನೋಡಾಣ ಯಾವುದು ನಿಲ್ತದೆ ಅಂತ ಬುಟ್ಟೆ." ಆಮೇಲೆ ಕೇಳಿದ, "ಅಲ್ಲಾ, ಆ ಗುಡ್ಡದಾಗೆ ದಿನಾ ಮಳೆ ಬತ್ತದಾ?"

"ಇಲ್ಲ. ನಾಲ್ಕು ತಿಂಗಳು ಸುರಿಯತ್ತೆ. ಡಿಸೆಂಬರಿಂದ ಮಾರ್ಚ್‌ವರೆಗೂ ಒಂದು ಹನಿಯೂ ಇರಲ್ಲ."

"ಮತ್ತೆ ಇಲ್ಲಿ ದಿನಾ?"

ಒಂದು ಭಾಗಕ್ಕೆ ಒಂದು ಬಗೆ, ಇನ್ನೊಂದು ಭಾಗಕ್ಕೆ ಇನ್ನೊಂದು ಬಗೆ ಮಾಡಿ, ಎಂಟು ತಿಂಗಳು ಕಾದು, ವ್ಯತ್ಯಾಸ ನೋಡುವುದಕ್ಕೆ ಅವಳ ಕಾಲೇಜಿನಲ್ಲಿ ಪ್ರಯೋಗ ಎನ್ನುತ್ತಿದ್ದರು. ಈ ಒಂದು ಎಕರೆಯಲ್ಲಿ ಪ್ರಯೋಗ ಮಾಡಿದವನು ಸೊಣ್ಣಪ್ಪ. ಅವಳು ಮಾಡಿದ್ದು ನಂಬಿಕೆ.

ಆದರೆ ಸಾಕ್ಷಿ ಎಂಥದ್ದು! ಗಿಡಗಳನ್ನು ಕೊಂದದ್ದು ನೀರು ಎಂದು ತೋರಿಸಲು ನಾಲ್ಕನೇ ವಾಲ್ವಿಗಿಂತ ಒಳ್ಳೆಯ ಪುರಾವೆ ಇಲ್ಲ. ಅದನ್ನು ಬರೆದರೆ, ಎಂಟು ತಿಂಗಳು ಸುಳ್ಳು ಟಿಕ್ ಹಾಕಿದ್ದಕ್ಕೆ ಸೊಣ್ಣಪ್ಪ ಅಂದೇ ಗೇಟಿನ ಹೊರಗೆ.

"ನೀವು ಹೇಳದೆ ನಾನು ಇದನ್ನ ಬರೆಯಲ್ಲ," ಎಂದಳು.

ಅವನು ತಲೆಯಾಡಿಸಿ ಬಳೆಗಳನ್ನು ಕೀಳಲು ಹೋದ. ಬರೆಯಿರಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಗುರುವಾರವೆಲ್ಲ ವೇಣಿ ವರದಿ ಬರೆದಳು. 'ನಾಲ್ಕನೇ ಭಾಗದ ಮಣ್ಣು ಸ್ವಲ್ಪ ಭಿನ್ನವಾಗಿರಬಹುದು' ಎಂದು ಒಂದು ವಾಕ್ಯ ತಾನಾಗಿಯೇ ಬಂದು ಕೂತಿತು. ಎಷ್ಟು ಅನುಕೂಲದ ವಾಕ್ಯ! ಸೊಣ್ಣಪ್ಪ ಉಳಿಯುತ್ತಾನೆ, ಅವಳ ವೇಳಾಪಟ್ಟಿಯ ಮಾನವೂ ಮುಕ್ಕಾಲು ಪಾಲು ಉಳಿಯುತ್ತದೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ಅಳತೆ ಮಾಡಿದವಳೇ ಅಳತೆಗೆ ವಿರುದ್ಧವಾಗಿ ಬರೆಯಬೇಕು, ಅಷ್ಟೇ. ಅಳಿಸಿದಳು. ಮೊದಲ ಪುಟದ ಮೊದಲ ಸಾಲಿನಲ್ಲಿ ಬರೆದಳು: 'ಗಿಡಗಳು ಸತ್ತದ್ದು ನೀರು ನಿಂತು. 2023ರ ವರದಿಯಲ್ಲಿ ಎರಡು ಮಣ್ಣುಗಳನ್ನು ಪುಡಿಮಾಡಿದ ಮೇಲೆ ಹೋಲಿಸಲಾಗಿತ್ತು. ನೀರು ಇಂಗುವ ವೇಗವನ್ನು ಸ್ಥಳದಲ್ಲಿ ಅಳೆದಿರಲಿಲ್ಲ. ಇದು ನನ್ನ ತಪ್ಪು. ನೀರಿನ ವೇಳಾಪಟ್ಟಿಯೂ ನನ್ನದು.' ನಾಲ್ಕನೇ ವಾಲ್ವಿನ ಬಗ್ಗೆ ಒಂದೇ ಸಾಲು: 'ಇಲ್ಲಿನ ಮಣ್ಣು ಉಳಿದ ಭಾಗಗಳಂತೆಯೇ ಇದೆ.'

ಪ್ರಯೋಗಾಲಯದ ಮಾಲೀಕ ಪರಮಾನಂದ ಕನ್ನಡಕ ಹಣೆಗೇರಿಸಿ ಓದಿದರು. "ನಮ್ಮ ಲೆಟರ್‌ಹೆಡ್ಡಲ್ಲಿ ನಮ್ಮ ತಪ್ಪನ್ನ ನಾವೇ ಬರೆಯೋದಾ ವೇಣಿ? ಆಸ್ಪತ್ರೆಯೋರು ಹೀಗೆ ಬರೆದಿದ್ದನ್ನ ಎಲ್ಲಾದ್ರೂ ನೋಡಿದ್ದೀಯಾ?"

"ಬರೆಯದಿದ್ರೆ ಆ ಮಾಲಿ ಕೆಲಸ ಹೋಗತ್ತೆ ಸಾರ್."

"ಬರೆದ್ರೆ ನಮ್ಮದು." ಅವರು ಕಾಗದ ಹಿಂದಿರುಗಿಸಿದರು. "ಸರಿ, ತಡೆಯಲ್ಲ. ಆದ್ರೆ ಸೈನು ನಿಂದೊಂದೇ ಇರ್ಲಿ."

ಸಂಜೆ ಹೊರಡುವ ಹೊತ್ತಿಗೆ ದೇವಕ್ಕ ಒಂದು ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲಿಟ್ಟಳು. ಹಳೆಯ ಮಾದರಿಗಳ ಕಪಾಟಿನಲ್ಲಿ ಉಳಿದಿದ್ದ ಗುಡ್ಡದ ಮಣ್ಣು, ಕುಟ್ಟದೆ ಬಿಟ್ಟ ಹೆಂಟೆಗಳು. "ಮುಂಜಾನಿಂದ ಈ ಮಣ್ಣಿನ ಸುದ್ದೀನ ಬರ್ಯಾಕತ್ತೀರಂತ ಗೊತ್ತಾತ್ರೀ. ಎರಡ ಗ್ಲಾಸ್ ನೀರ ತಗೋರಿ. ಒಂದರಾಗ ಇದು, ಒಂದರಾಗ ನೀವ ಮೊನ್ನಿ ತಂದ ಆ ಪಾರ್ಕಿಂದು. ನಮ್ಮ ಊರಾಗ ಮನಿ ಕಟ್ಟೂ ಮಣ್ಣ ಹಿಂಗ ನೋಡ್ತಾರ."

ನೋಡಿದರು. ಪಾರ್ಕಿನ ಹೆಂಟೆ ನೀರಿಗೆ ಬಿದ್ದ ಎರಡು ನಿಮಿಷಕ್ಕೆ ಬಿಸ್ಕತ್ತಿನಂತೆ ಕರಗಿ ಕೆಸರಾಯಿತು. ಗುಡ್ಡದ ಹೆಂಟೆ ಬುಳುಬುಳು ಗುಳ್ಳೆ ಬಿಟ್ಟು, ಹಾಗೇ ಕೂತಿತು.

"ನಾ ಆವಾಗ ಹೇಳಿದ್ದೆ," ಎಂದಳು ದೇವಕ್ಕ.

"ಹೇಳಿದ್ರಿ."

"ನೀವ ಇನ್ನೊಮ್ಮೆ ಕುಟ್ಟ ಅಂದ್ರಿ."

"ಅಂದೆ ದೇವಕ್ಕ. ಎಲ್ಲರೂ ಹೇಳಿದ್ರು. ನಾನೊಬ್ಬಳೇ ಕೇಳಲಿಲ್ಲ."

"ಅಷ್ಟ್ಯಾಕ ಮಾರಿ ಸಣ್ಣದ ಮಾಡ್ತೀರಿ? ನಾಳೆ ಗ್ಲಾಸ್ ಮರೀದ ಒಯ್ರಿ."

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಭಾನುಪ್ರಕಾಶನ ಕ್ಯಾಬಿನ್ನಿನಲ್ಲಿ ಎರಡು ಗ್ಲಾಸುಗಳು ಅಕ್ಕಪಕ್ಕ ಕೂತವು. ಸೊಣ್ಣಪ್ಪ ಬಾಗಿಲ ಬಳಿ ನಿಂತಿದ್ದ. ಭಾನುಪ್ರಕಾಶ್ ವರದಿಯ ಮೊದಲ ಪುಟವನ್ನು ಎರಡು ಸಲ ಓದಿ, ಗ್ಲಾಸುಗಳನ್ನು ನೋಡಿ, ಮತ್ತೆ ಓದಿದ.

"ಅಂದ್ರೆ ಇವನು ಬಿಡದೆ ಇದ್ದದ್ದಲ್ಲ, ಬಿಟ್ಟಿದ್ದೇ ತಪ್ಪು ಅಂತೀರಾ?"

"ಬಿಡಿ ಅಂತ ಬರೆದುಕೊಟ್ಟ ನನ್ನ ತಪ್ಪು."

"ಸರಿ ಮೇಡಂ. ಹಾಗಿದ್ರೆ ಇದೇನಿದು?" ಅವನು ನಕ್ಷೆಯ ಮೇಲೆ ಬೆರಳಿಟ್ಟ. ಅವನೇನೂ ದಡ್ಡನಲ್ಲ. "ನಾಲ್ಕನೇದ್ರಲ್ಲೂ ಅದೇ ಮಣ್ಣು, ಅದೇ ನೀರು. ಅಲ್ಲಿ ಮಾತ್ರ ಯಾಕೆ ಸಾಯ್ಲಿಲ್ಲ? ಕಮಿಟಿಯೋರು ಮೊದಲು ಕೇಳೋದೇ ಇದನ್ನ."

ವೇಣಿ ಬಾಯಿ ತೆರೆದಳು. ಹೇಳಲು ನಿಜವಾದ ಮಾತು ಒಂದೇ ಇತ್ತು, ಅದು ಅವಳದಾಗಿರಲಿಲ್ಲ. ಹೊರಗೆ ಲಿಫ್ಟು ಬಂದು ನಿಂತು, ಯಾರೋ ಇಳಿದು, ಮತ್ತೆ ಹೋಯಿತು.

"ಅದೇ ನೀರಲ್ಲ ಸಾರ್," ಎಂದ ಸೊಣ್ಣಪ್ಪ. "ನಾಕನೇದು ನಾನು ಮುಚ್ಚಿದ್ದೆ. ಎಂಟು ತಿಂಗಳಾಯ್ತು."

"ಲಾಗ್ ಬುಕ್ಕು?"

"ಸುಳ್ಳೇ ಸಾರ್. ಬರ್ದಿದ್ದು ನಾನೇ."

ಭಾನುಪ್ರಕಾಶ್ ಕುರ್ಚಿಗೆ ಒರಗಿದ. ಒಬ್ಬರ ನಂತರ ಒಬ್ಬರನ್ನು ನೋಡಿದ. "ಸಕ್ಕತ್ತಾಗಿದೆ ಕಣ್ರೀ ನಿಮ್ಮ ಜೋಡಿ. ಓದಿರೋರು ತಪ್ಪು ಬರೆದು ಸರಿಯಾಗಿ ಸೈನ್ ಹಾಕಿದ್ರಿ. ಇವನು ಸರಿ ಮಾಡಿ ತಪ್ಪು ಸೈನ್ ಹಾಕ್ದ. ಮಧ್ಯದ ತಲೆ ನಂದು."

ಅವನು ಎದ್ದು ಗುಡ್ಡದ ಮಣ್ಣಿನ ಗ್ಲಾಸನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ನೀರು ತಿಳಿಯಾಗಿತ್ತು.

"ಸರಿ ಮಾಡೋಕಾಗತ್ತಾ?"

"ಗುಡ್ಡ ಮಾಡೋಕಾಗಲ್ಲ," ಎಂದಳು ವೇಣಿ. "ತಳದ ರೋಡನ್ನ ಅಲ್ಲಲ್ಲಿ ಒಡೆದು ಜಲ್ಲಿ ತುಂಬಿ, ಚರಂಡಿವರೆಗೆ ಇಳಿಜಾರಾಗಿ ಕಾಲುವೆ ತೆಗೀಬಹುದು. ಗಿಡಗಳನ್ನ ದಿಬ್ಬದ ಮೇಲೆ ಕೂರಿಸಬಹುದು. ನೀರು ಬಿಡೋದು ನಿಲ್ಲಿಸಿ ತರಗೆಲೆ ಹೊದಿಸಬಹುದು. ಗಂಟೆಗೆ ಹತ್ತು ಮಿಲಿಮೀಟರ್ ಇಂಗೋಕೆ ಶುರುವಾದ್ರೆ ಮತ್ತೆ ಸಸಿ ನೆಡಬಹುದು. ಅಳತೆ ನಾನು ದುಡ್ಡಿಲ್ಲದೆ ಮಾಡಿಕೊಡ್ತೀನಿ."

"ಡಿಸೆಂಬರ್ ಒಂದಕ್ಕೆ ಮಾಲಿಗಳ ಕಾಂಟ್ರಾಕ್ಟ್ ರಿನ್ಯೂವಲ್ಲು," ಎಂದ ಭಾನುಪ್ರಕಾಶ್. "ಅಷ್ಟರೊಳಗೆ ನಿಮ್ಮ ಹತ್ತು ಬಂದ್ರೆ ಸೊಣ್ಣಪ್ಪ ಇರ್ತಾನೆ. ಬರದಿದ್ರೆ ಲಾಗ್ ಬುಕ್ಕನ್ನ ನಾನು ಕಮಿಟಿಗೆ ತೋರಿಸ್ಲೇಬೇಕು. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ. ಏನಪ್ಪಾ?"

"ಆಯ್ತು ಸಾರ್," ಎಂದ ಸೊಣ್ಣಪ್ಪ. ಬಾಗಿಲು ದಾಟಿದ ಮೇಲೆ ವೇಣಿಗೆ ಹೇಳಿದ, "ಅತ್ತು ಅಂತ ಯಾಕಂದ್ರಿ ಮೇಡಂ? ಐದು ಅಂದಿದ್ರೆ ಆಗ್ತಿರಲಿಲ್ವಾ?"

"ಐದಕ್ಕೆ ಸುರಗಿ ಬದುಕಲ್ಲ."

"ಅಂಗಾರೆ ಅತ್ತೇ ಇರ್ಲಿ ಬುಡಿ."

ಆಮೇಲಿನ ನಾಲ್ಕು ತಿಂಗಳು ಸೊಣ್ಣಪ್ಪ ಆ ರೋಡನ್ನು ಒಡೆದ. ಒಂದು ವಾರ ಸಣ್ಣ ಜೆಸಿಬಿ ಬಂತು. ಬದುಕಿದ್ದ ಗಿಡಗಳ ಹತ್ತಿರ ಅದು ಹೋಗುವಂತಿರಲಿಲ್ಲವಾದ್ದರಿಂದ ಅಲ್ಲೆಲ್ಲ ಹಾರೆಯೇ ಗತಿ. ಪಾರ್ಕಿನ ತರಗೆಲೆಯನ್ನೆಲ್ಲ ಕಸದ ಗಾಡಿಗೆ ಹಾಕದೆ ಇಲ್ಲಿಗೆ ತಂದು ಸುರಿದ. ಕಾಡು ಗಲೀಜಾಗಿದೆ ಎಂದು ಸಿ ಬ್ಲಾಕಿನವರು ದೂರು ಕೊಟ್ಟರು. ಕಾಡು ಅಂದಮೇಲೆ ಗಲೀಜಾಗಿಯೇ ಇರುತ್ತದೆ ಎಂದು ಭಾನುಪ್ರಕಾಶ್ ಉತ್ತರ ಬರೆದ. ಅಕ್ಟೋಬರಿನಲ್ಲಿ ಮಳೆ ಹೊಡೆದಾಗ ಹೊರಗಿನ ರಸ್ತೆಯಲ್ಲಿ ಬೈಕುಗಳು ಅರ್ಧ ಮುಳುಗಿದ್ದವು. ವೇಣಿ ಹೂಡಿಯಿಂದ ಫೋನು ಮಾಡಿದಳು. "ಕಾಲುವೆ ಓಡ್ತೈತೆ ಮೇಡಂ," ಎಂದು ಸೊಣ್ಣಪ್ಪ ಮಳೆಯ ಸದ್ದಿನ ಮೇಲೆ ಕೂಗಿದ, "ಕೆಂಪು ನೀರಲ್ಲ, ತಿಳಿ ನೀರು!" ಇನ್ನೂ ನಾಲ್ಕು ಗಿಡ ಸತ್ತವು. ಮುರುಗಲೊಂದು, ಎಲ್ಲರೂ ಕೈಬಿಟ್ಟದ್ದು, ಬುಡದಿಂದ ಕೆಂಪು ಚಿಗುರು ಹೊಡೆಯಿತು.

ನವೆಂಬರ್ 20, ಬುಧವಾರ, ಎರಡನೇ ವಾಲ್ವಿನ ಮೂರನೇ ಸಾಲಿನಲ್ಲಿ, ಜುಲೈಯಲ್ಲಿ ಮಾಡಿದಂತೆಯೇ ಒಂದೂವರೆ ಅಡಿ ಕೆಳಗೆ, ವೇಣಿ ಬಳೆ ಕೂರಿಸಿದಳು. ನೆಲ ನೆನೆಯುವವರೆಗೆ ಕಾದು, ಮೂರು ಗಂಟೆಗಳ ಅಳತೆ ಬರೆದುಕೊಂಡಳು. ಭಾನುಪ್ರಕಾಶ್ ಕೂಡ ಬಂದು ಬಗ್ಗಿ ನೋಡುತ್ತಿದ್ದ. ಸೊಣ್ಣಪ್ಪ ಬಗ್ಗಲಿಲ್ಲ, ಸ್ವಲ್ಪ ದೂರದಲ್ಲಿ ದಿಬ್ಬದ ತರಗೆಲೆ ಸರಿಮಾಡುತ್ತಿದ್ದ.

"ಎಷ್ಟು?" ಎಂದ ಭಾನುಪ್ರಕಾಶ್.

"ಎಂಟು. ಮೂರು ಗಂಟೆಯೂ ಎಂಟೇ."

ಅವನು ಸೊಣ್ಣಪ್ಪನ ಬೆನ್ನನ್ನು ನೋಡಿದ. "ಎಂಟು ಅಂದ್ರೆ... ಹತ್ತಿರ ಹತ್ತಿರ ಹತ್ತೇ ಅಲ್ವಾ ಮೇಡಂ? ಎರಡು ಮಿಲಿಮೀಟರ್ ಅಂದ್ರೆ ಕಣ್ಣಿಗೆ ಕಾಣತ್ತಾ? ಹತ್ತು ಅಂತ ಹಾಕಿ, ನಾನೂ ಮುಗಿಸ್ತೀನಿ."

ಪೆನ್ನು ಕಾಗದದ ಮೇಲೆಯೇ ಇತ್ತು. ಅವಳಿಗೆ ಆಸೆಯಾಯಿತು. ಎರಡು ಮಿಲಿಮೀಟರಿಗೆ ಒಬ್ಬ ಮನುಷ್ಯನ ಕೆಲಸ.

"ಎಂಟು ಬಂದಿದ್ರೆ ಎಂಟೇ ಬರೀರಿ," ಎಂದ ಸೊಣ್ಣಪ್ಪ, ತಿರುಗದೆಯೇ. "ಅತ್ತು ಅಂತ ಬರುದ್ರೆ ನಾಳೆನೇ ಸಸಿ ತಂದು ನೆಡ್ತಾರೆ. ಅವು ಮತ್ತೆ ಸಾಯ್ತವೆ. ಎಣಿಸಾಕೆ ಮತ್ತೆ ನೀವೇ ಬರ್ಬೇಕು."

ಭಾನುಪ್ರಕಾಶ್ ಬಗ್ಗಿ ಬಳೆಯೊಳಗಿನ ನೀರನ್ನು ಮತ್ತೆ ನೋಡಿದ. "ಜುಲೈಯಲ್ಲಿ ಎಷ್ಟಿತ್ತು?"

"ಐದು ಗಂಟೆಗೆ ಒಂದು."

"ಐದು ಗಂಟೆಗೆ ಒಂದಿದ್ದದ್ದು ಗಂಟೆಗೆ ಎಂಟು." ಮನಸ್ಸಿನಲ್ಲೇ ಗುಣಿಸಿದ. "ನಲವತ್ತು ಪಟ್ಟು. ನಾಲ್ಕು ತಿಂಗಳಲ್ಲಿ ನಲವತ್ತು ಪಟ್ಟು ಮಾಡಿದೋನನ್ನ ತೆಗೆದು ಹೊಸಬನ್ನ ಹಾಕಿ ಅಂತ ಕಮಿಟಿಯೋರು ಹೇಳಿದ್ರೆ ಅವರೇ ಬಂದು ಹಾರೆ ಹಿಡೀಲಿ. ಒಂದು ವರ್ಷಕ್ಕೆ ರಿನ್ಯೂ ಮಾಡ್ತೀನಿ. ಸಸಿ ಮುಂದಿನ ಮಳೆಗಾಲಕ್ಕೇ ನೆಡೋಣ. ಕೇಳಿಸ್ತೇನಪ್ಪಾ ಸೊಣ್ಣಪ್ಪ?"

"ಕೇಳಿಸ್ತು ಸಾರ್."

ಅವನು ಹಾರೆ ಎತ್ತಿಕೊಂಡು ಮೂರನೇ ವಾಲ್ವಿನ ಕಡೆ ಹೊರಟ. ಅಲ್ಲಿ ಇನ್ನೂ ಎರಡು ಸಾಲು ಒಡೆಯುವುದು ಬಾಕಿಯಿತ್ತು. ವೇಣಿ ಅಳತೆಯ ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು ತುಂಬಿದಳು. ಸ್ಥಳ: ಎರಡನೇ ವಾಲ್ವು, ಮೂರನೇ ಸಾಲು. ನೀರು ಇಂಗುವ ವೇಗ: ಗಂಟೆಗೆ 8 ಮಿಲಿಮೀಟರ್.